ಸಮ ಬಂದರೆ ಯಾರಿಗೆ

ವಿನ್ಸೆಂಟ್, ಹಡಗಿನ ಕೆಲಸದ ಆ ಪರೀಕ್ಷೆಯಲ್ಲಿ ನಿನ್ನನ್ನು ಸೋಲಿಸಿದವನು ನಾನು. ಬೇಕೆಂದೇ ಸೋಲಿಸಿದೆ. ಮಡಂತ್ಯಾರಿನ ನಮ್ಮ ಮನೆಯಲ್ಲಿ, ಅಮ್ಮ ಮಾಡಿಕೊಟ್ಟ ಚಹಾ ಕುಡಿಯುತ್ತಾ, ಒಂದೇ ಒಂದು ಮಾತಿನಿಂದ.

ಸೋಲಿಸಿದ್ದು ನಾನೆಂದು ನಿನಗೆ ಹೊಳೆಯಲೇ ಇಲ್ಲ. ಅದೇ ನನಗೆ ಇವತ್ತಿಗೂ ಉರಿ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಪ್ರವಾಸಿ ಹಡಗೊಂದರ ಕ್ಯಾಸಿನೊದಲ್ಲಿ ಇಪ್ಪತ್ತೊಂದರ ಆಟಕ್ಕೆ ಇಸ್ಪೀಟಿನ ಎಲೆ ಹಂಚುತ್ತಿದ್ದೆ. ಮೂಡುಬಿದಿರೆಯ ಐರಿನ್ ಜೊತೆ ಮದುವೆ ಮಾತಾಗಿತ್ತು. ಅವಳ ಮನೆಯವರಿಗೆ ‘ಹಡಗಿನ ಹೋಟೆಲಿನಲ್ಲಿ ಕೆಲಸ’ ಎಂದಿದ್ದೆವು — ಅರ್ಧ ಸುಳ್ಳು, ಒಪ್ಪುತ್ತೇನೆ. ಉಳಿದರ್ಧವನ್ನು ಹೇಳಲು ನೀನು ಹೋದೆ. ನನ್ನ ಚಿಕ್ಕಪ್ಪನ ಮಗ ನೀನು, ಒಂದೇ ಬೆಂಚಿನಲ್ಲಿ ಕೂತು ಓದಿದವನು! “ಅವನದ್ದು ಜುಗಾರಿ ಆಡಿಸುವ ಕೆಲಸ. ಅಂಥವನಿಗೆ ಹೆಣ್ಣು ಕೊಡ್ತೀರಾ?” ಎಂದು ಅವಳ ಅಪ್ಪನ ಮುಂದೆ ಕೇಳಿದೆಯಂತೆ. ಮದುವೆ ಮಾತು ಮುರಿದುಬಿತ್ತು. ನಿಶ್ಚಿತಾರ್ಥದ ಸೀರೆ ಆಗಲೇ ಮನೆಗೆ ಬಂದಿತ್ತು. ಅಮ್ಮ ಅದನ್ನು ಮಡಿಕೆ ಬಿಚ್ಚದೆ ಕಪಾಟಿಗೆ ಸೇರಿಸಿದಳು.

ನಾನು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ — ಇರಲಿ.

ಕೆಲವು ವರ್ಷ ಕಳೆದು, ನಾನು ರಜೆಯಲ್ಲಿದ್ದಾಗ, ನೀನೇ ಬಾಗಿಲಿಗೆ ಬಂದೆ. ಬಂಟ್ವಾಳದಲ್ಲಿ ನೀನು ಕೆಲಸಕ್ಕಿದ್ದ ಕ್ಯಾಸೆಟ್ ಅಂಗಡಿ ಮುಚ್ಚಿತ್ತು. ನಿನ್ನ ಹೆಂಡತಿ ಲೀನಾ ಬಸುರಿ.

“ಮುಂಬೈಯಲ್ಲಿ ಹಡಗಿಗೆ ಜನ ತೆಗೀತಾರಂತೆ. ನನಗೂ ಎಲೆ ಹಂಚುದು ಕಲಿಸಿ ಕೊಡು ಮಾರಾಯ. ಇಲ್ಲಿ ನನಗೆ ಇನ್ನೇನು ಉಂಟು?”

ಜುಗಾರಿಯ ಕೆಲಸ! ನಗು ಬಂತು. “ಬಾ, ಕಲಿಸ್ತೇನೆ” ಎಂದೆ.

ಮೇಜಿಗೆ ಹಸಿರು ಹೊದಿಕೆ ಹಾಸಿ, ಚೆನ್ನೆಮಣೆ ಆಟದ ಬೀಜಗಳನ್ನೇ ಪಣದ ಬಿಲ್ಲೆಗಳನ್ನಾಗಿ ಮಾಡಿಕೊಂಡು ಕೂತೆವು. ಆಟ ಒಂದೇ — ಇಪ್ಪತ್ತೊಂದನ್ನು ದಾಟದೆ ಅದರ ಹತ್ತಿರ ಹೋಗುವುದು. ಬಗೆಗಳು ಮಾತ್ರ ಹಲವು. ಹತ್ತರ ಎಲೆಗಳನ್ನೆಲ್ಲ ಕಟ್ಟಿನಿಂದ ತೆಗೆದು ಆಡುವುದೊಂದು. ಐದು ಎಲೆ ಎತ್ತಿಯೂ ಇಪ್ಪತ್ತೊಂದು ದಾಟದವನು ಗೆದ್ದ ಎನ್ನುವುದೊಂದು. ಹಂಚುವವನು ತನ್ನ ಎರಡೂ ಎಲೆಗಳನ್ನು ತೆರೆದಿಡುವುದು ಇನ್ನೊಂದು. ಎಲ್ಲವನ್ನೂ ಹೇಳಿಕೊಟ್ಟೆ. ನಿನ್ನ ಕೈ ನನ್ನದಕ್ಕಿಂತ ಚುರುಕಾಗಿತ್ತು. ಅದನ್ನೂ ನನ್ನಿಂದ ಸಹಿಸಲಾಗಲಿಲ್ಲ.

ಆಗ ನೀನು ಕೇಳಿದೆ: “ಇಬ್ಬರಿಗೂ ಸಮ ಬಂದರೆ ನಮ್ಮ ಊರಿನ ಹಾಗೇ ಅಲ್ವಾ? ಹಂಚುವವನಿಗೆ?”

ನಮ್ಮ ಮದುವೆಮನೆಗಳ ಚಪ್ಪರದಲ್ಲಿ ಹಾಗೆಯೇ. ಸಮ ಬಂದರೆ ಪಣ ಹಂಚುವವನ ಪಾಲು. ಹಡಗಿನಲ್ಲಿ ಎರಡೂ ಎಲೆ ತೆರೆದಿಡುವ ಮೇಜಿನಲ್ಲಿ ಮಾತ್ರ ಆ ನಿಯಮ. ಸಾಮಾನ್ಯ ಮೇಜಿನಲ್ಲಿ ಆಡುವವನ ಪಣ ಆಡುವವನಿಗೇ, ಮುಟ್ಟುವ ಹಾಗಿಲ್ಲ. ನಿನ್ನ ಪರೀಕ್ಷೆ ಸಾಮಾನ್ಯ ಮೇಜಿನಲ್ಲಿ. ನನಗೆ ಗೊತ್ತಿತ್ತು.

“ಹೌದು” ಎಂದೆ. “ಯೋಚನೆ ಮಾಡ್ಲಿಕ್ಕೆ ಹೋಗ್ಬೇಡ, ಬಾಚಿಬಿಡು.”

ಅಷ್ಟಕ್ಕೇ ಬಿಟ್ಟೆನೇ? ಇಲ್ಲ. ಬೇಕೆಂದೇ ಸಮ ಬರುವ ಹಾಗೆ ಎಲೆ ಜೋಡಿಸಿ, ನಿನ್ನ ಕೈಗೆ ಅದು ಅಭ್ಯಾಸವಾಗುವ ತನಕ ಬಾಚಿಸಿದೆ. ಸೀರೆಯ ಕಪಾಟು ನಿನ್ನ ಬೆನ್ನ ಹಿಂದೆಯೇ ಇತ್ತು.

ಮುಂಬೈಯಿಂದ ಬಂದವನು ನೇರ ನಮ್ಮ ಜಗಲಿಗೆ ಬಂದೆ. ಸಮ ಬಂದ ಬಿಲ್ಲೆಗಳನ್ನು ಬಾಚಿದ್ದಕ್ಕೆ, ಅತಿಥಿಯ ಹಣಕ್ಕೆ ಕೈ ಹಾಕುವವನು ಬೇಡವೆಂದು ಪರೀಕ್ಷೆಯವರು ಹೊರಗೆ ಕಳಿಸಿದ್ದರು. “ಈಗ ಗೊತ್ತಾಯಿತಾ?” — ಈ ಮಾತನ್ನು ಎಷ್ಟೋ ದಿನದಿಂದ ನಾಲಗೆಯ ತುದಿಯಲ್ಲಿಟ್ಟುಕೊಂಡು ಕಾದಿದ್ದೆ. ಅದನ್ನು ಹೇಳಲು ನೀನು ಬಿಡಲಿಲ್ಲ.

“ನಾನು ನಿನ್ನ ಹೆಸರು ಹಾಳು ಮಾಡಿದೆ ಮಾರಾಯ. ಎರಡು ಆಟವನ್ನೂ ನಾನೇ ಗಲಿಬಿಲಿ ಮಾಡಿಕೊಂಡದ್ದು.”

ಸೇಡು ತೀರಿದ ಸಂತೋಷವಿತ್ತು, ಅದನ್ನೂ ಮುಚ್ಚಿಡುವುದಿಲ್ಲ — ವರ್ಷಗಟ್ಟಲೆ ಇತ್ತು. ನೀನು ಬೆಳ್ತಂಗಡಿಯಲ್ಲಿ ಇನ್ನೊಬ್ಬರ ಜೀಪು ಓಡಿಸುವುದನ್ನು ನೋಡಿದಾಗಲೆಲ್ಲ ಇತ್ತು. ಲೀನಾ ನನಗೆ ಕೈಮುಗಿದು “ನೀವು ಇಷ್ಟು ಕಷ್ಟಪಟ್ಟು ಕಲಿಸಿದಿರಿ ಭಾವ” ಎಂದಾಗ ಮಾತ್ರ...

ಮೊನ್ನೆ ನಾರಾವಿಯ ಮದುವೆಮನೆಯಲ್ಲಿ, ಊಟವಾದ ಮೇಲೆ ನೀನು ಎಲೆ ಹಂಚಿದೆ. ನನಗೆ ಹತ್ತೊಂಬತ್ತು, ನಿನಗೂ ಹತ್ತೊಂಬತ್ತು. ಹಿರಿಯರೊಬ್ಬರು “ಹಂಚುವವನದ್ದು!” ಎಂದರು. ನೀನು ನನ್ನ ಪಣದ ಎಂಟಾಣೆಯನ್ನು ನನ್ನ ಕಡೆಗೇ ತಳ್ಳಿದೆ.

“ಇಲ್ಲ ಮಾಮ. ಹಡಗಿನ ದೊಡ್ಡ ಆಟದಲ್ಲಿ ಅವನದ್ದು ಅವನಿಗೇ. ಒಂದು ಕೆಲಸ ಕಳಕೊಂಡು ಕಲಿತದ್ದು ನಾನು.”

ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನು ಆ ಎಂಟಾಣೆಯನ್ನು ಎತ್ತಿ ಕಿಸೆಗೆ ಹಾಕಿಕೊಂಡೆ.

ಐರಿನ್ ವಿಷಯಕ್ಕೆ ನಿನ್ನನ್ನು ಇನ್ನೂ ಕ್ಷಮಿಸಿಲ್ಲ ವಿನ್ಸೆಂಟ್. ಆ ಸಿಟ್ಟು ನನ್ನದೇ, ಇಟ್ಟುಕೊಳ್ಳುತ್ತೇನೆ. ಆದರೆ ಅದನ್ನು ಲೀನಾಳ ಮೇಲೆ, ಇನ್ನೂ ಹುಟ್ಟದಿದ್ದ ಮಗುವಿನ ಮೇಲೆ ತೀರಿಸಿದ್ದು ನನ್ನ ತಪ್ಪು. ಭಾನುವಾರ ಚರ್ಚಿನ ಪೂಜೆ ಮುಗಿಸಿ ನಿಮ್ಮ ಮನೆಗೆ ಬರುತ್ತೇನೆ. ಲೀನಾ ಎದುರಿಗಿರಲಿ. ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ, ಆ ಎಂಟಾಣೆಯನ್ನು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಕುಳಿತುಕೊ ಎನ್ನುವವರೆಗೆ ನಿಂತೇ ಇರುತ್ತೇನೆ.