ದುಗ್ಗಮ್ಮನ ಕಡಲ ದಂಡಯಾತ್ರೆ

ಕೆಳದಿಯ ಅರಸರ ದಂಡು ಕವಲೇದುರ್ಗದ ಕೋಟೆ ಇಳಿದು ಹೊರಟಾಗಲೂ ಇಷ್ಟು ಗದ್ದಲ ಆಗಿರಲಿಕ್ಕಿಲ್ಲ. ಅರವತ್ತೇಳನೆಯ ಇಸವಿಯ ಬೇಸಗೆ ರಜೆಯ ಒಂದು ಶನಿವಾರ, ಕೋಟೆಯ ಬುಡದ ಊರಿನಿಂದ ದುಗ್ಗಮ್ಮನ ಸಂಸಾರ ಎರಡು ದಿನದ ಮಟ್ಟಿಗೆ ಕಡಲು ನೋಡಲು ಹೊರಟಿತು. ಮುಂದೆ ದಂಡನಾಯಕನಾದ ಮಗ ಶೇಷಪ್ಪ, ಕೈಗೆ ಗಡಿಯಾರ ಕಟ್ಟಿ, ಕಂಕುಳಲ್ಲಿ ಟಾರ್ಚು ಸಿಕ್ಕಿಸಿಕೊಂಡು. ಹಿಂದೆ ಅವಲಕ್ಕಿ ಡಬ್ಬ ಹೊತ್ತ ಸೊಸೆ ಸರೋಜ. ಅವಳ ಸೆರಗು ಹಿಡಿದು ಏಳನೇ ಕ್ಲಾಸು ಪಾಸಾದ ಮೊಮ್ಮಗಳು ವಾರಿಜ. ಕೊನೆಗೆ ದುಗ್ಗಮ್ಮ. ಅವಳ ಒಂದು ಕೈಯಲ್ಲಿ ರಕ್ತ ಹೀರುವ ಉಂಬಳ ಹತ್ತದಂತೆ ಕಾಲಿಗೆ ಹಚ್ಚುವ ಸುಣ್ಣ ಹೊಗೆಸೊಪ್ಪಿನ ಗಂಟು, ಇನ್ನೊಂದು ಕೈಯಲ್ಲಿ ಗಂಡನ ಎಲೆಯಡಿಕೆ ಸಂಚಿ.

"ಅತ್ತೆ, ಸಮುದ್ರದಲ್ಲಿ ಉಂಬಳ ಇರಲ್ಲ," ಎಂದಳು ಸರೋಜ.

"ನೀ ಎಷ್ಟ್ ಸಲ ಹೋಗಿ ನೋಡಿದ್ದೀಯೆ?"

ಸರೋಜ ಒಂದು ಸಲವೂ ಹೋಗಿರಲಿಲ್ಲ. ಗಂಟು ಬಸ್ಸು ಹತ್ತಿತು.

ಸಂಚಿಯ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಅದರ ಒಡೆಯ ವಾಸಪ್ಪ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಮದುವೆಯಾದ ಹೊಸದರಲ್ಲಿ, "ಮುಂದಿನ ಕೊಯ್ಲು ಮುಗೀಲಿ, ನಿಂಗೆ ಸಮುದ್ರ ತೋರಿಸ್ತೀನಿ" ಎಂದು ಹೆಂಡತಿಗೆ ವಚನ ಕೊಟ್ಟ ಮಹಾನುಭಾವ ಅವನು. ಆ ಮುಂದಿನ ಕೊಯ್ಲು ಅವನ ಜನ್ಮದಲ್ಲಿ ಬರಲೇ ಇಲ್ಲ. ಕಾಯಿಲೆ ಬಿದ್ದ ಮೇಲೆ ಡಾಕ್ಟರು ಹೊಗೆಸೊಪ್ಪು ಕೂಡದು ಅಂದಿದ್ದರು. ಒಂದು ಸಂಜೆ ವಾಸಪ್ಪ ಎಲೆಯಡಿಕೆ ಸಂಚಿಯ ಕಡೆ ಕೈ ತೋರಿಸಿ, "ಒಂದ್ ಕವಳ ಕೊಡೇ, ಒಂದೇ" ಎಂದು ಕೇಳಿದ. "ನಾಳೆ ಕೊಡ್ತೀನಿ, ಸುಮ್ನೆ ಮಲಗಿ" ಎಂದು ದುಗ್ಗಮ್ಮ ಸಂಚಿಯನ್ನು ಅಕ್ಕಿ ಕಣಜದ ಹಿಂದೆ ಮುಚ್ಚಿಟ್ಟಳು. ಬೆಳಗಾಗುವಷ್ಟರಲ್ಲಿ ಕೇಳುವವನು ಇರಲಿಲ್ಲ.

ಬೂದಿಯನ್ನು ಶೇಷಪ್ಪ ತೀರ್ಥಹಳ್ಳಿಗೆ ಒಯ್ದು, ನೆಂಟರಿಷ್ಟರ ಸಮೇತ ತುಂಗೆಯಲ್ಲಿ ಬಿಟ್ಟು ಬಂದ. ಹೊಳೆ ಸಮುದ್ರ ಸೇರುತ್ತದೆ ಎಂದು ಅಲ್ಲಿ ಯಾರೋ ಸಮಾಧಾನ ಹೇಳಿದ್ದನ್ನು ದುಗ್ಗಮ್ಮ ಸೆರಗಿಗೆ ಗಂಟು ಹಾಕಿಕೊಂಡಳು. ಅಂದರೆ ಆ ಮನುಷ್ಯ ತನ್ನನ್ನು ಬಿಟ್ಟು ಒಬ್ಬನೇ ಸಮುದ್ರಕ್ಕೆ ಹೋಗಿದ್ದಾನೆ! ಹೋಗಬೇಕು, ಮೊದಲು ಬೈಯಬೇಕು, ಆಮೇಲೆ ಆ ಕವಳ ಕೊಡಬೇಕು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. "ಸಾಯೋದ್ರೊಳಗೆ ಸಮುದ್ರ ನೋಡ್ಬೇಕು" ಅಂದಳು, ಅಷ್ಟೆ.

ಆಗುಂಬೆ ಘಾಟಿಯ ಮೂರನೆಯ ತಿರುವಿನಲ್ಲಿ ದಂಡನಾಯಕ ಶೇಷಪ್ಪ ಧರಾಶಾಯಿಯಾದ. ಟಾರ್ಚು ಮಗಳಿಗೆ ಒಪ್ಪಿಸಿ, ಕಿಟಕಿಯಿಂದ ತಲೆ ಹೊರಹಾಕಿ, ಬೆಳಗಿನ ಕಡುಬನ್ನೆಲ್ಲ ಕಾಡಿಗೆ ಕಪ್ಪ ಒಪ್ಪಿಸಿದ. ದುಗ್ಗಮ್ಮ ಸಂಚಿಯನ್ನು ಎದೆಗೆ ಒತ್ತಿಕೊಂಡು ಅಲುಗದೆ ಕೂತಿದ್ದಳು.

ಮಲ್ಪೆಯ ಹತ್ತಿರ, ಪರಿಚಯದವರ ಖಾಲಿ ಮನೆಯಲ್ಲಿ ಡಬ್ಬಗಳನ್ನು ಇಳಿಸಿ, ಬಿಸಿಲು ತಗ್ಗಿದ ಮೇಲೆ ಎಲ್ಲರೂ ಕಡಲಿಗೆ ನಡೆದರು.

"ಅಯ್ಯಯ್ಯ, ಇದಕ್ಕೆ ಆಚೆ ದಂಡೆಯೇ ಇಲ್ವಲ್ಲ ಮಾರಾಯ್ತಿ!" ಎಂದಳು ದುಗ್ಗಮ್ಮ ಸೊಸೆಗೆ. "ದಾಟೋರು ಎಲ್ಲಿ ದಾಟ್ತಾರೆ?"

ಮಗ ಸೊಸೆ ಮರಳ ಮೇಲೆ ಕೂತು ಅವಲಕ್ಕಿ ಬಿಚ್ಚುವಾಗ ಅವಳು ಮೆಲ್ಲನೆ ನೀರಿನ ಅಂಚಿಗೆ ಹೋಗಿ ಸಂಚಿ ತೆರೆದಳು. ವೀಳ್ಯದೆಲೆಗೆ ಸುಣ್ಣ ಸವರಿ, ಹೋಳು ಅಡಿಕೆ ಇಟ್ಟು, ಹೊಗೆಸೊಪ್ಪನ್ನು ಮಾತ್ರ ಧಾರಾಳವಾಗಿ ಇಟ್ಟು ಮಡಿಸಿದಳು. ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಲ್ಲಿ ಹೇಳಿದವಳಲ್ಲ. ಗದ್ದೆಯಂಚಿನಿಂದ ಕೂಗುತ್ತಿದ್ದ ಹಾಗೆಯೇ ಈಗಲೂ ಕೂಗಿದಳು.

"ಹೋಯ್, ಇಲ್ ಕೇಳ್ತಾ?"

ಒಂದು ತೆರೆ ಬಂದು ಮೊಣಕಾಲು ತೋಯಿಸಿತು. ದುಗ್ಗಮ್ಮನ ಮುಖ ಅರಳಿತು. "ಒಬ್ರೇ ಬಂದ್ಬಿಟ್ರಲ್ಲ! ನಾಚಿಕೆ ಆಗ್ಲಿಲ್ವಾ? ನನ್ನ ಕರ್ಕೊಂಡು ಬರ್ತೀನಿ ಅಂದೋರು..."

"ಯಾರ ಹತ್ರ ಮಾತಾಡ್ತೀಯ ಅಜ್ಜಿ?" ವಾರಿಜ ಹಿಂದೆಯೇ ನಿಂತಿದ್ದಳು.

"ನಿನ್ನಜ್ಜನ ಹತ್ರ. ತುಂಗೇಲಿ ಬಿಟ್ಟಿದ್ವಲ್ಲ. ಇಷ್ಟೊತ್ತಿಗೆ ಬಂದು ಸೇರಿರ್ತಾರೆ."

ಭೂಗೋಳದಲ್ಲಿ ಕ್ಲಾಸಿಗೇ ಮೊದಲು ಬಂದಿದ್ದ ಹುಡುಗಿ ಉತ್ಸಾಹದಿಂದ ಹೇಳಿದಳು: "ತುಂಗೆ ಇಲ್ಲಿಗೆ ಬರಲ್ಲ ಅಜ್ಜಿ! ಘಟ್ಟ ಅಡ್ಡ ಇದ್ಯಲ್ಲ. ಅದು ಆ ಕಡೆ ಹೋಗಿ ಭದ್ರೆ ಸೇರಿ, ಆಮೇಲೆ ಕೃಷ್ಣೆ ಸೇರಿ, ಮೂಡಣ ಸಮುದ್ರಕ್ಕೆ ಹೋಗೋದು."

"ಮೂಡಣ ಸಮುದ್ರ ಅಂತ ಬೇರೆ ಇದ್ಯಾ?"

"ಬೇರೇನೇ. ತುಂಬಾ ದೂರ."

ದುಗ್ಗಮ್ಮ ಮಡಿಸಿದ ಕವಳವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಹಂಗಾರೆ ನಮ್ಮನೆ ಹಿಂದಿನ ಹಳ್ಳ?"

"ಅದು ಶರಾವತಿಗೆ. ಶರಾವತಿ ಹೊನ್ನಾವರದಲ್ಲಿ ಇದೇ ಸಮುದ್ರಕ್ಕೆ ಬರೋದು."

ಅಷ್ಟರಲ್ಲಿ ಅವಲಕ್ಕಿಗೆ ಕರೆಯಲು ಬಂದ ಶೇಷಪ್ಪನಿಗೆ ಈ ಮಾತೆಲ್ಲ ಕೇಳಿಸಿತು. ಅವತ್ತು ಬೂದಿ ಬಿಡುವ ಮೊದಲು ಅವ್ವ, "ಹಳ್ಳದಲ್ಲೇ ಬಿಡಾಣ, ಅವರು ದಿನಾ ಮೀಯ್ತಿದ್ದದ್ದು ಅಲ್ಲೇ" ಅಂದಿದ್ದಳು. "ನೆಂಟ್ರು ಏನಂತಾರೆ, ತುಂಗೆಯೇ ಆಗ್ಬೇಕು" ಎಂದು ಹಟ ಹಿಡಿದವನು ಅವನೇ. ಅವನು ಗಡಿಯಾರ ನೋಡಿಕೊಂಡ.

"ಸಮುದ್ರ ಎಲ್ಲ ಒಂದೇ ಅವ್ವ. ಎಲ್ಲೋ ಕೂಡ್ಕೊಂಡಿರ್ತದೆ."

"ಕೂಡ್ಕೊಂಡಿದ್ರೂ ಏನ್ ಬಂತು? ಆ ಮನುಷ್ಯ ಯಾರ ಹತ್ರಾನೂ ದಾರಿ ಕೇಳೋರಲ್ಲ. ತೀರ್ಥಹಳ್ಳಿ ಸಂತೇಲೇ ತಪ್ಪಿಸ್ಕೊಳ್ತಿದ್ರು." ಅವಳು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಕವಳವನ್ನು ಸಂಚಿಗೆ ಹಾಕಿ ದಾರ ಬಿಗಿದಳು.

ಭಾನುವಾರವಿಡೀ ಅವಳು ಕಡಲಿಗೆ ಬೆನ್ನು ಹಾಕಿ ಕೂತಳು. ಉಂಬಳದ ಗಂಟು ಬಿಚ್ಚಲೇ ಇಲ್ಲ. ಸರೋಜ ಅದನ್ನು ತಾನೇ ಎತ್ತಿ ಅವಲಕ್ಕಿ ಡಬ್ಬದ ಪಕ್ಕ ಜೋಪಾನವಾಗಿ ಇಟ್ಟಳು. ವಾರಿಜ ಹೆಕ್ಕಿ ತಂದ ಕಪ್ಪೆಚಿಪ್ಪನ್ನೆಲ್ಲ ಅಜ್ಜಿಯ ಮಡಿಲಿಗೆ ಸುರಿದು, ಯಾಕೆಂದು ತಿಳಿಯದೆ ತಾನೇ ಅತ್ತಳು.

ಸೋಮವಾರ ಮರಳುವಾಗ ತೀರ್ಥಹಳ್ಳಿಯಲ್ಲಿ ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ದುಗ್ಗಮ್ಮ ಯಾರನ್ನೂ ಕೇಳದೆ ಹೊಳೆಗೆ ಇಳಿದಳು. ಶೇಷಪ್ಪ ಮಗಳ ಕೈಯಿಂದ ಟಾರ್ಚು ತೆಗೆದುಕೊಂಡು ಹಿಂದೆಯೇ ಓಡಿದ. ಅವಳು ಸಂಚಿಯಿಂದ ತೆಗೆದ ಕವಳದ ಎಲೆ ಬಾಡಿ ಸುರುಟಿಹೋಗಿತ್ತು. ನೀರಿನಲ್ಲಿ ಬಿಟ್ಟರೆ ಅದು ಎರಡು ಮಾರು ಹೋಗಿ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಶೇಷಪ್ಪ ಪಂಚೆ ಎತ್ತಿಕೊಳ್ಳುವುದನ್ನೂ ಮರೆತು ಸೊಂಟದವರೆಗೆ ನೀರಿಗಿಳಿದು, ಕವಳವನ್ನು ಬಿಡಿಸಿ, ಸೆಳವು ಇದ್ದಲ್ಲಿ ಬಿಟ್ಟು ಬಂದ.

"ಅವ್ವ," ಎಂದ, ಒದ್ದೆ ಪಂಚೆ ಹಿಂಡುತ್ತಾ. "ನಿನ್ನ ಕಾಲಕ್ಕೆ ಈ ತಪ್ಪು ಮಾಡಲ್ಲ. ಹಳ್ಳದಲ್ಲೇ..."

"ಬ್ಯಾಡ," ಎಂದಳು ದುಗ್ಗಮ್ಮ. ಅವಳ ಕಣ್ಣು ಇನ್ನೂ ಎಲೆ ಹೋದ ಕಡೆಗೇ ಇತ್ತು. "ಆ ಸಮುದ್ರ ನೋಡಿ ಆಯ್ತು. ನನ್ನೂ ಇಲ್ಲೇ ಬಿಡು. ಅಲ್ಲಿ ಒಬ್ರೇ ಇದ್ದಾರೆ."

ಶೇಷಪ್ಪ ಹಗಲು ಬೆಳಕಿನಲ್ಲೇ ಟಾರ್ಚು ಹಚ್ಚಿ ಅವಳ ಮುಂದೆ ಮುಂದೆ ಮೆಟ್ಟಿಲು ಹತ್ತಿದ. ಹಿಂದೆ ತಿರುಗಲಿಲ್ಲ; ತಿರುಗಿದ್ದರೆ ಅವನ ತೋಯ್ದ ಕಣ್ಣು ಅವ್ವನಿಗೆ ಕಾಣುತ್ತಿತ್ತು.