ಕೇಳುವ ಮೊದಲೇ ಬಡಿಸುವ ಪ್ರೇಮಾವತಿಯಕ್ಕ

ಯೆರವಡಾದ ನಮ್ಮ ಬೀದಿಯ ಉಡುಪಿ ಹೋಟೆಲಿನ ಗಲ್ಲಾ ಮೇಲೆ ಕೂರುವ ಪ್ರೇಮಾವತಿಯಕ್ಕನಿಗೆ ಗಿರಾಕಿಯ ಬಾಯಿ ಬೇಕಿಲ್ಲ, ಕಾಲು ಸಾಕು. ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿಗೇ ಒಳಗೆ ಕೂಗು ಹೋಗುತ್ತದೆ: "ಹೆಂಡತಿ ಹತ್ತಿರ ಜಗಳ ಆಗಿದೆ, ಒಂದು ಸ್ಟ್ರಾಂಗ್ ಕಾಫಿ!" ಬ್ಯಾಂಕಿನ ಕುಲಕರ್ಣಿಯವರ ಅಸಿಡಿಟಿ ಅವರಿಗಿಂತ ಮೊದಲು ಇವರಿಗೆ ತಿಳಿಯುತ್ತದೆ, ಪಾಪ, ದೋಸೆ ಕೇಳಿದವರಿಗೆ ಮಜ್ಜಿಗೆ ಬರುತ್ತದೆ. ಗಂಡ ರಘುರಾಮಣ್ಣ ಕುಡಿತ ಬಿಟ್ಟು ಎರಡು ವರ್ಷವಾಯಿತು, ಇವರು ಇನ್ನೂ ಅವರ ಚಹಾದ ಲೋಟ ಮೂಸುತ್ತಾರೆ. ಕುಡುಕರ ಮನೆಯವರು ಸೇರಿ ಒಬ್ಬೊಬ್ಬರಾಗಿ ಕಷ್ಟ ಹೇಳಿಕೊಳ್ಳುವ ಭಾನುವಾರದ ಸಭೆಗೆ ಹೋದರೂ ಅಷ್ಟೇ, ಅಳುವವರಿಗೆಲ್ಲ ಶಿರಾ ಹಂಚಿ, ತಮ್ಮ ಸರದಿ ಬರುವಷ್ಟರಲ್ಲಿ ಪಾತ್ರೆ ತೊಳೆಯಲು ಎದ್ದಿರುತ್ತಾರೆ. "ಈ ವಿದ್ಯೆ ಎಲ್ಲಿ ಕಲಿತದ್ದು ಅಕ್ಕಾ?" ಎಂದು ನಾನೊಮ್ಮೆ ಹಲ್ಲು ಕಿರಿದೆ. "ಅಪ್ಪನ ಚಪ್ಪಲಿಯಿಂದ. ಕುಡಿದು ಬರುವ ಸದ್ದೇ ಬೇರೆ. ಕೇಳಿದ ಕೂಡಲೇ ತಮ್ಮನನ್ನು ಮಂಚದಡಿ ದೂಡಬೇಕಿತ್ತು. ನನಗಾಗ ಏಳು ವರ್ಷ" ಎಂದರು. ಸಭೆಯವರು ಈಗ ಅವರಿಗೊಂದು ಪಾಠ ಕೊಟ್ಟಿದ್ದಾರೆ: ಬಾಯಿಬಿಟ್ಟು ಕೇಳುವವರೆಗೆ ಯಾರಿಗೂ ಏನೂ ಮಾಡಬಾರದು. ನಿನ್ನೆ ನಾನು ಜೋಲು ಮುಖ ಹಾಕಿಕೊಂಡು ಹೋದೆ. ಅರ್ಧ ಎದ್ದ ಅಕ್ಕ ಹಾಗೇ ಕೂತರು. "ಎಂಥ ಬೇಕು? ನೀವೇ ಹೇಳಿ ಮಾರಾಯ್ರೆ." ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಮೆನು ಕಾರ್ಡ್ ಓದಿದೆ, ಓದಿ ಮುಗಿಯುವವರೆಗೂ ಅವರು ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕಾದರು.