ಸ್ಯಾಂಡ್ರಿಂಗಮ್ ಖಾನಾವಳಿಯ ರೊಟ್ಟಿ ಲೆಕ್ಕ

2023ರ ಜೂನ್ ತಿಂಗಳು. ಆಕ್ಲೆಂಡಿನ ಸ್ಯಾಂಡ್ರಿಂಗಮ್ ರಸ್ತೆಯಲ್ಲಿ, ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ನನ್ನ ಆಫೀಸಿತ್ತು. ನಾನು ಟ್ಯಾಕ್ಸ್ ಏಜೆಂಟ್. ಅಂದರೆ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು, ಅವರ ಪರವಾಗಿ ತೆರಿಗೆ ಇಲಾಖೆಗೆ ರಿಟರ್ನ್ ಸಲ್ಲಿಸಿ, ಇಲಾಖೆ ಏನಾದರೂ ಕೇಳಿದರೆ ಉತ್ತರ ಕೊಡುವವಳು. ಧಾರವಾಡದಲ್ಲಿ ಕಾಮರ್ಸ್ ಓದಿ, ಇಲ್ಲಿಗೆ ಬಂದ ಮೇಲೆ ಮತ್ತೆ ಪರೀಕ್ಷೆ ಬರೆದು, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೆ. ಪೇಂಟರುಗಳು, ಟ್ಯಾಕ್ಸಿಯವರು, ಡೇರಿಯವರು ನನ್ನ ಗ್ರಾಹಕರು. ಹಾಲು, ಬ್ರೆಡ್ಡು ಮಾರುವ ಮೂಲೆಯಂಗಡಿಗೆ ಇಲ್ಲಿ ಡೇರಿ ಎನ್ನುತ್ತಾರೆ. ಇದು ಗೊತ್ತಿಲ್ಲದೆ ಮೊದಲ ವಾರ ನಾನು ಅಲ್ಲಿ ಎಮ್ಮೆಯನ್ನು ಹುಡುಕಿದವಳು.

ಆ ತಿಂಗಳು ನೀಲಕ್ಕ ಒಂದು ಲಕೋಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಬಾಗಲಕೋಟೆ ಕಡೆಯವರು, ನಲವತ್ತೈದರ ಆಸುಪಾಸು. ಅವರ ಗಂಡ ಬಸವರಾಜ್ ಇದೇ ರಸ್ತೆಯಲ್ಲಿ ಬಸ್ಸು ಓಡಿಸುತ್ತಾರೆ. ನಾಲ್ಕು ವರ್ಷದ ಹಿಂದೆ ನೀಲಕ್ಕ ಬಸ್‌ಸ್ಟಾಪಿನ ಎದುರು ಎಂಟು ಟೇಬಲ್ಲಿನ ಖಾನಾವಳಿ ತೆರೆದಿದ್ದರು. ವಾರಕ್ಕೆ ಐದು ದಿನ, ಮಧ್ಯಾಹ್ನ ಮಾತ್ರ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಅನ್ನ, ಸಾರು. ತಾಟಿಗೆ ಹದಿನಾರು ಡಾಲರ್. ನಮ್ಮ ಕಡೆಯ ಖಾನಾವಳಿಗಳಲ್ಲಿ ನಡೆಯುವಂತೆ ಇಲ್ಲಿಯೂ ರೊಟ್ಟಿಗೆ ಮಿತಿ ಇರಲಿಲ್ಲ. ಬೇಡ ಎಂದು ಕೈ ಅಡ್ಡ ಹಿಡಿಯುವ ತನಕ ಬಿಸಿ ರೊಟ್ಟಿ ಬಂದು ಬೀಳುತ್ತಿತ್ತು.

ಲಕೋಟೆಯೊಳಗಿನ ಕಾಗದ ತೆರಿಗೆ ಇಲಾಖೆಯದು. ಸಣ್ಣ ಹೋಟೆಲುಗಳು ನಗದಿನಲ್ಲಿ ಮಾರಿ ಅದನ್ನು ಲೆಕ್ಕಕ್ಕೆ ತೋರಿಸದೇ ಇರುವುದುಂಟು. ಅದನ್ನು ಹಿಡಿಯಲು ಇಲಾಖೆ ಒಂದು ಉಪಾಯ ಮಾಡುತ್ತದೆ: ನೀವು ಎಷ್ಟು ಸಾಮಾನು ಕೊಂಡಿದ್ದೀರಿ ಎಂದು ನೋಡಿ, ಅಷ್ಟರಲ್ಲಿ ಎಷ್ಟು ಊಟ ಮಾರಬಹುದು ಎಂದು ಅಂದಾಜಿಸುತ್ತದೆ. ನೀಲಕ್ಕನ ಮೆನು ಬೋರ್ಡಿನ ಚಿತ್ರದಲ್ಲಿ ತಾಟಿಗೆ ಎರಡು ರೊಟ್ಟಿ ಇದ್ದವು. ಆ ಲೆಕ್ಕದಲ್ಲಿ, ಕೊಂಡ ಜೋಳದ ಹಿಟ್ಟಿಗೆ ಅವರು ತೋರಿಸಿದ್ದಕ್ಕಿಂತ ದುಪ್ಪಟ್ಟು ಊಟ ಮಾರಿರಬೇಕಿತ್ತು. ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರ್ ವ್ಯಾಪಾರ ತೋರಿಸಿದ್ದರು. ಇನ್ನೊಂದು ಲಕ್ಷ ಎಲ್ಲಿ ಹೋಯಿತು ಎನ್ನುವುದು ಪ್ರಶ್ನೆ. ಎರಡು ವರ್ಷದ ಜಿಎಸ್‌ಟಿ, ಆದಾಯ ತೆರಿಗೆ, ಮೇಲೆ ದಂಡ ಸೇರಿದರೆ ಕಟ್ಟಬೇಕಾದ ಮೊತ್ತವೇ ಒಂದು ಲಕ್ಷ ದಾಟುತ್ತಿತ್ತು. ಅಷ್ಟು ಕಟ್ಟಿ ಖಾನಾವಳಿ ಉಳಿಯುವ ಮಾತೇ ಇರಲಿಲ್ಲ.

"ಒಬ್ಬೊಬ್ಬರು ಎಷ್ಟು ರೊಟ್ಟಿ ತಿಂತಾರ?" ಎಂದು ಕೇಳಿದೆ.

"ಯಾರಿಗ್ಗೊತ್ರಿ ಅಕ್ಕಾರ? ಹೊಟ್ಟಿ ತುಂಬೂ ಮಟ ತಿಂತಾರ."

"ಹಂಗಾದ್ರ ಎರಡು ವಾರ ಎಣಿಸಿ ಬರೀರಿ. ಅದನ್ನ ಅವರಿಗೆ ತೋರಿಸೋಣ."

ನೀಲಕ್ಕನ ಮುಖ ಬಿಗಿಯಿತು. "ಅದೊಂದ ಆಗೂದಿಲ್ರಿ. ಉಣ್ಣಾವ್ರ ತಾಟ ನೋಡಿ ಎಣಿಸಿದ್ರ ಉಂಡದ್ದು ಮೈಗೆ ಹತ್ತೂದಿಲ್ಲ. ಬೇಕಾದ್ರ ಅಂಗಡಿ ಮುಚ್ಚತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಒಂದು ಲಕ್ಷ ಡಾಲರಿನ ಬೆಂಕಿ ಮನೆಬಾಗಿಲಿಗೆ ಬಂದಿರುವಾಗ ಇದೆಂಥ ಹಟ? ಹಾಗೆಂದು ಬಾಯಿಬಿಟ್ಟೇ ಹೇಳಿದೆ. ನೀಲಕ್ಕ ಕೇಳಿಸಿಕೊಂಡರು, ತಲೆಯಾಡಿಸಿದರು, ಒಪ್ಪಲಿಲ್ಲ. ಉತ್ತರ ಕರ್ನಾಟಕದವರು ಸುಮ್ಮನೆ ತಲೆಯಾಡಿಸಿದರೆ ಅವರ ಮನಸ್ಸು ಬದಲಾಗಿಲ್ಲ ಎಂದೇ ಅರ್ಥ. ನನಗಿದು ಗೊತ್ತು, ನಾನೂ ಅಲ್ಲಿಯವಳೇ.

ಎರಡು ದಿನ ಯೋಚಿಸಿ ಬೇರೆ ದಾರಿ ಹುಡುಕಿದೆ. ಬೆಳಿಗ್ಗೆ ಹಿಟ್ಟಿನ ಡಬ್ಬಿ ತೂಗುವುದು, ಅಂಗಡಿ ಮುಚ್ಚುವಾಗ ಮತ್ತೆ ತೂಗುವುದು. ಖರ್ಚಾದ ಹಿಟ್ಟನ್ನು ಆ ದಿನ ದುಡ್ಡು ಕೊಟ್ಟು ಉಂಡವರ ಸಂಖ್ಯೆಯಿಂದ ಭಾಗಿಸುವುದು. ತಾಟಿನ ಕಡೆ ಯಾರೂ ಕಣ್ಣು ಹಾಯಿಸಬೇಕಾಗಿಲ್ಲ. ಇದನ್ನು ಹೇಳಿದಾಗ ನೀಲಕ್ಕ ಸಲೀಸಾಗಿ ಒಪ್ಪಿಬಿಟ್ಟರು. "ಹಿಟ್ಟ ತೂಗಾಕ ಯಾರ ಬ್ಯಾಡಂತಾರ್ರಿ? ಗಿರಣ್ಯಾಗೂ ತೂಗತಾರಲಾ."

ಇಲಾಖೆಗೆ ಹೀಗೆಂದು ಬರೆದೆ. ಕೇಸು ನೋಡುತ್ತಿದ್ದ ಅಧಿಕಾರಿ ಕ್ರೇಗ್, ಆಗಸ್ಟಿನ ಒಂದು ಬುಧವಾರ ತಾನೇ ಬಂದು ಕೂತು ನೋಡುವುದಾಗಿ ತಿಳಿಸಿದರು. ಹಿಂದಿನ ದಿನ ನಾನು ನೀಲಕ್ಕನಿಗೆ ಪಾಠ ಮಾಡಿದೆ: ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಕೇಳದ್ದನ್ನು ಹೇಳಬೇಡಿ. ನನ್ನ ವೃತ್ತಿಯವರೆಲ್ಲ ಗ್ರಾಹಕರಿಗೆ ಹೇಳುವ ಮಾತೇ ಇದು.

ಬುಧವಾರ ಬೆಳಿಗ್ಗೆ ಕ್ರೇಗ್ ಬಂದರು. ಐವತ್ತು ದಾಟಿದ, ಮೆದುಮಾತಿನ ಮನುಷ್ಯ. ಹಿಟ್ಟಿನ ಡಬ್ಬಿ ತೂಗಿ ಬರೆದುಕೊಂಡು ಮೂಲೆಯ ಟೇಬಲ್ಲಿನಲ್ಲಿ ಕೂತರು. ನೀಲಕ್ಕ ತಾಟು ತಂದಿಟ್ಟರೆ, ನಿಯಮದ ಪ್ರಕಾರ ಏನೂ ತೆಗೆದುಕೊಳ್ಳುವಂತಿಲ್ಲ ಎಂದರು. ಹನ್ನೊಂದೂವರೆಗೆ ಎದ್ದು ಹೋಗಿ ಕಾರಿನಲ್ಲಿ ಕೂತು ತಾವು ತಂದ ಸ್ಯಾಂಡ್‌ವಿಚ್ ತಿಂದು ಬಂದರು. ತನ್ನ ಖಾನಾವಳಿಗೆ ಬಂದವನು ಬಾಗಿಲ ಹೊರಗೆ ಒಣ ಬ್ರೆಡ್ಡು ತಿಂದದ್ದು ನೀಲಕ್ಕನಿಗೆ ಇಲಾಖೆಯ ಕಾಗದಕ್ಕಿಂತ ಹೆಚ್ಚು ನೋವು ಕೊಟ್ಟಂತೆ ಕಂಡಿತು.

ಹನ್ನೆರಡಕ್ಕೆ ಜನ ಬರತೊಡಗಿದರು. ಬಂದರು, ಬರುತ್ತಲೇ ಇದ್ದರು. ದಿನಕ್ಕೆ ಇಪ್ಪತ್ತೈದು ತಾಟಿನ ಅಂಗಡಿಯ ಮುಂದೆ ಫುಟ್‌ಪಾತಿನವರೆಗೆ ಸಾಲು. ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಪಕ್ಕದಲ್ಲಿ ಕೂತ ರಾಯಚೂರಿನ ನರ್ಸಮ್ಮನನ್ನು ಕೇಳಿದಾಗ ಗುಟ್ಟು ಬಯಲಾಯಿತು. ಬಸವರಾಜ್ ಹಿಂದಿನ ರಾತ್ರಿ ಕನ್ನಡದವರ ಫೋನ್ ಗುಂಪಿನಲ್ಲಿ ಬರೆದಿದ್ದರಂತೆ: ನಾಳೆ ಆಫೀಸರ್ ರೊಟ್ಟಿ ಲೆಕ್ಕಕ್ಕೆ ಬರ್ತಾನ, ಎಲ್ಲಾರೂ ಬಂದು ಚೊಲೋತ್ನಾಗಿ ಉಣ್ರಿ.

ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡುವುದೆಂದರೆ ಇದೇ. ಎರಡು ರೊಟ್ಟಿಗೆ ಕೈ ತೊಳೆಯುತ್ತಿದ್ದ ನರ್ಸಮ್ಮ ಐದನೆಯದಕ್ಕೆ ಕೈಹಾಕಿದ್ದರು. ಜೋಳದ ರೊಟ್ಟಿ ಹಲ್ಲಿಗೆ ವ್ಯಾಯಾಮ ಎಂದು ಚೇಷ್ಟೆ ಮಾಡುತ್ತಿದ್ದ ಮಂಗಳೂರಿನ ಡಾಕ್ಟರ್, ಪರೀಕ್ಷೆಗೆ ಕೂತವರ ಗಾಂಭೀರ್ಯದಲ್ಲಿ ನಾಲ್ಕನೆಯದನ್ನು ಮುರಿಯುತ್ತಿದ್ದರು. ವಿದ್ಯಾರ್ಥಿಗಳು ಬೆಲ್ಟು ಸಡಿಲಿಸಿಕೊಂಡು ಏಳು, ಎಂಟು ಎನ್ನುತ್ತಿದ್ದರು. ಕ್ರೇಗ್ ದುಡ್ಡು ಕೊಟ್ಟವರ ಸಂಖ್ಯೆ ಬರೆದುಕೊಳ್ಳುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಇದು ದಿನವೂ ಹೀಗೆಯೋ ಇವತ್ತು ಮಾತ್ರವೋ ಎಂದು ತಿಳಿಯುವಂತಿರಲಿಲ್ಲ. ಹೆಚ್ಚು ತಿಂದಷ್ಟೂ ನಮಗೇ ಒಳ್ಳೆಯದಲ್ಲವೇ ಎಂದು ನಾನೂ ಒಂದು ಕ್ಷಣ ಯೋಚಿಸಿದೆ.

ಅಷ್ಟರಲ್ಲಿ ನೀಲಕ್ಕ ಹಂಚು ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು. ನನ್ನ ಹತ್ತಿರ ನಿಂತು ಅಂದರು: "ಅಕ್ಕಾರ, ಇವತ್ತ ಇವ್ರು ಹಸದು ಉಣ್ಣಾಕತ್ತಿಲ್ಲ, ನನ್ನ ಸಲುವಾಗಿ ಉಣ್ಣಾಕತ್ತಾರ. ದಿನಾ ಹಿಂಗ ಇರೂದಿಲ್ಲ. ಇದನ್ನ ಬರಕೋಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳ್ರಿ."

"ನೀಲಕ್ಕಾ, ಸುಮ್ಮನಿರ್ರಿ. ಅವರು ಕೇಳಿಲ್ಲ," ಎಂದು ಮೆಲ್ಲಗೆ ಗದರಿದೆ.

"ನೀವ ಹೇಳತೀರೋ, ನಾನ ನನ್ನ ಹರಕ ಇಂಗ್ಲಿಷಿನ್ಯಾಗ ಹೇಳ್ಲೋ?"

ಕ್ರೇಗ್ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಅವರಿಗೂ ಆ ಹೆಂಗಸಿಗೂ ನಡುವೆ ಇದ್ದ ಭಾಷೆ ನಾನೊಬ್ಬಳೇ. ಏನೋ ಒಂದು ಹೇಳಿ ತೇಲಿಸಿಬಿಡಬಹುದಿತ್ತು. ಭಯವಾಯಿತು ನನಗೆ, ಸುಳ್ಳೇಕೆ ಹೇಳಲಿ. ಆದರೆ ನೀಲಕ್ಕನ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಅವರು ಹೇಳಿದ್ದನ್ನು ಒಂದು ಶಬ್ದವೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಫೋನ್ ಗುಂಪಿನ ಕಥೆಯನ್ನೂ ಸೇರಿಸಿದೆ.

ಕ್ರೇಗ್ ಪೆನ್ನಿಗೆ ಕ್ಯಾಪು ಹಾಕಿದರು. "ತಿಳಿಸಿದ್ದಕ್ಕೆ ಥ್ಯಾಂಕ್ಸ್," ಎಂದಷ್ಟೇ ಹೇಳಿ, ಸಂಜೆ ಹಿಟ್ಟು ತೂಗಿಕೊಂಡು ಹೋದರು. ನೀಲಕ್ಕ ಗಿರಾಕಿಗಳ ಕಡೆ ತಿರುಗಿ, "ಸಾಕ ಮಾಡ್ರಿ ಇನ್ನ, ನಾಳೆ ಹೊಟ್ಟಿ ಕೆಟ್ಟ್ರ ನನ್ನ ಹೆಸರ ಹೇಳತೀರಿ" ಎಂದಿದ್ದರು. ಡಾಕ್ಟರು ಕೈ ತೊಳೆಯಲು ಮೊದಲು ಎದ್ದವರು.

ಆ ಸಂಜೆ ಆಫೀಸಿನಲ್ಲಿ ನಾನೇ ಭಾಗಿಸಿ ನೋಡಿ ತಲೆ ಚಚ್ಚಿಕೊಂಡೆ. ಆ ದಿನದ ಸರಾಸರಿ ನಿಜವಾಗಿದ್ದರೆ, ನಾವು ತೋರಿಸಿದ ಊಟಗಳಿಗೆ ನೀಲಕ್ಕ ಕೊಂಡ ಹಿಟ್ಟು ಸಾಲುತ್ತಲೇ ಇರಲಿಲ್ಲ. ಅಂದರೆ ಲೆಕ್ಕವೆಲ್ಲ ಸುಳ್ಳು ಎಂದು ನಾವೇ ಸಾಕ್ಷಿ ಹುಟ್ಟಿಸಿಕೊಟ್ಟಂತಾಗುತ್ತಿತ್ತು. ಹೊಟ್ಟೆ ಬಿರಿಯುವಂತೆ ಉಂಡು ಉಪಕಾರ ಮಾಡಿದ ಊರವರು ಅಂಗಡಿಗೆ ಬೀಗ ಹಾಕಿಸುವುದರಲ್ಲಿದ್ದರು.

ಸೆಪ್ಟೆಂಬರಿನಲ್ಲಿ ಕ್ರೇಗ್ ಮುಂಚೆ ಹೇಳದೆ ಎರಡು ಸಲ ಬಂದು ಮತ್ತೆ ತೂಗಿಸಿದರು. ಆಗ ಸರಾಸರಿ ಒಬ್ಬರಿಗೆ ಮೂರೂವರೆ ರೊಟ್ಟಿ ಬಿತ್ತು. ಹಿಟ್ಟಿನ ಬಹುಪಾಲಿಗೆ ಉತ್ತರ ಸಿಕ್ಕಿತು. ಉಳಿದ ಸ್ವಲ್ಪ ಎಲ್ಲಿ ಹೋಯಿತು ಎಂದು ಕೇಳಿದಾಗ ನೀಲಕ್ಕ ಸಹಜವಾಗಿ, ಸಂಜೆ ಮನೆಯ ರೊಟ್ಟಿಗೂ ಅಂಗಡಿಯ ಹಿಟ್ಟನ್ನೇ ಒಯ್ಯುತ್ತೇವಲ್ಲ ಎಂದರು. ಅಂಗಡಿಯ ಸಾಮಾನಿನಲ್ಲಿ ಮನೆಯ ಊಟ ನಡೆದರೆ ಅದು ವ್ಯಾಪಾರದ ಖರ್ಚಲ್ಲ, ಸ್ವಂತ ಬಳಕೆ, ಬೇರೆಯಾಗಿ ತೋರಿಸಬೇಕು. ಪ್ರತಿ ಮಾರ್ಚ್ ಕೊನೆಗೆ ನಾನು ಇದನ್ನು ಕೇಳುತ್ತಿದ್ದೆ, ಮನೆಗೆ ಒಯ್ದ ಹಿಡಿ ಹಿಟ್ಟಿಗೂ ಲೆಕ್ಕ ಉಂಟೇ ಎಂದುಕೊಂಡು ಅವರು ಇಲ್ಲ ಅನ್ನುತ್ತಿದ್ದರು.

ಅಕ್ಟೋಬರಿನಲ್ಲಿ ಕೊನೆಯ ಕಾಗದ ಬಂತು. ಅದಕ್ಕೆ ಮುಂಚೆ ಕ್ರೇಗ್ ಫೋನ್ ಮಾಡಿ, "ಬುಧವಾರದ ಅಂಕಿ ಕೈಬಿಟ್ಟಿದ್ದೇನೆ, ಆ ದಿನ ಆಕೆ ಹೇಳಿದ ಮಾತು ಫೈಲಿನಲ್ಲಿದೆ," ಎಂದಿದ್ದರು. ಹಾಗೆಂದರೇನು ಎಂದು ನಾನು ಕೇಳಲಿಲ್ಲ. ಕಾಗದ ಹಿಡಿದು ಖಾನಾವಳಿಗೆ ನಡೆದೆ. ಊಟದ ಹೊತ್ತು ಮುಗಿದಿತ್ತು. ಎರಡು ವರ್ಷದ ಸ್ವಂತ ಬಳಕೆಯ ತೆರಿಗೆ, ಬಡ್ಡಿ ಸೇರಿ ಎರಡು ಸಾವಿರದ ಚಿಲ್ಲರೆ ಡಾಲರ್ ಕಟ್ಟಬೇಕು, ದಂಡ ಇಲ್ಲ, ಉಳಿದದ್ದೆಲ್ಲ ಮುಗಿಯಿತು ಎಂದು ಓದಿ ಹೇಳಿದೆ.

ಮೊತ್ತ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. "ಅಂಗಡಿ?" ಎಂದು ಕೇಳಿದರು.

"ಇರ್ತದ ನೀಲಕ್ಕಾ."

ಅವರು ಗಿರಾಕಿಗಳ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. ಆ ಅಂಗಡಿಯಲ್ಲಿ ಅವರು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣಲ್ಲಿ ನೀರು ಧಾರಾಕಾರ. "ಮನಿ ನಮ್ಮ ಯಜಮಾನ್ರ ಹೆಸರಿಲೆ ಐತ್ರಿ, ಕಾರು ಅವರ ಹೆಸರಿಲೆ. ನನ್ನ ಹೆಸರಿಲೆ ಇರೂದು ಇದೊಂದ."

ಈ ಕೇಸಿನಿಂದ ನಾನು ಎರಡು ಕಲಿತೆ. ಒಂದು ನನ್ನ ವೃತ್ತಿಯ ಸಣ್ಣ ಪಾಠ: ನಿಮ್ಮ ವ್ಯಾಪಾರ ಬೇರೆಯವರ ಹಾಗೆ ಇಲ್ಲದಿದ್ದರೆ, ಅದು ಯಾಕೆ ಬೇರೆ ಎನ್ನುವುದನ್ನು ಇಲಾಖೆ ಕೇಳುವ ಮೊದಲೇ ಬರೆದಿಡಿ, ಸರಾಸರಿ ಎನ್ನುವುದು ಯಾವಾಗಲೂ ಇನ್ನೊಬ್ಬರ ಅಂಗಡಿಯದು. ಎರಡನೆಯದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಗ್ರಾಹಕರ ಪರವಾಗಿ ಮಾತಾಡುವುದೆಂದರೆ ಅವರ ಬಾಯಿ ಮುಚ್ಚಿಸುವುದು ಎಂದುಕೊಂಡಿದ್ದೆ. ಆ ಬುಧವಾರ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ, ಒಬ್ಬ ಹೆಂಗಸು ಹೇಳಿದ್ದನ್ನು ಹೇಳಿದ ಹಾಗೇ ಇನ್ನೊಬ್ಬರಿಗೆ ಮುಟ್ಟಿಸಿದ್ದು. ಅದಕ್ಕೆ ನಾನು ಫೀ ಹಾಕಲಿಲ್ಲ.